ಅತ್ತಿದ್ದಕ್ಕೆ ಒಂದು ಹುಂಜ

ಪಾಸ್ಟರ್ ಜೊಟಾಮ್ ಶಾವಾ ನಮ್ಮೂರಿಗೆ ಏಸುವನ್ನು ಕರೆತಂದ. ಹಾಗೆಂದು ಅವನೇ ಹೇಳಿದ. ಲಾರಿಯಿಂದ ಇಳಿದ ದಿನವೇ ಮುಪುಂಡು ಮರದ ಕೆಳಗೆ ನಿಂತು, ಕೈಯಲ್ಲಿ ಮೈಕು ಹಿಡಿದು, 'ಉತ್ತರದ ಈ ಕತ್ತಲ ನಾಡಿಗೆ ಬೆಳಕು ತಂದಿದ್ದೇನೆ' ಎಂದು ಸಾರಿದ. ನಮ್ಮಜ್ಜಿಯ ತಲೆಗೆ ಬಿಳಿ ಪಾದ್ರಿಗಳು ನೀರು ಹಾಕಿ ಆಗ್ನೆಸ್ ಎಂದು ಹೆಸರಿಟ್ಟಾಗ ಇವನಜ್ಜ ಪೂರ್ವದ ಗುಡ್ಡಗಳಲ್ಲಿ ಕಂಡವರ ದನ ಹೊಡೆದುಕೊಂಡು ಹೋಗುತ್ತಿದ್ದ. ನಮ್ಮೂರಲ್ಲಿ ಏಸುವಿಗೇನೂ ಬರವಿರಲಿಲ್ಲ. ಬರವಿದ್ದದ್ದು ಉಪ್ಪಿಗೆ, ಸೈಕಲ್ ಟ್ಯೂಬಿಗೆ ಮತ್ತು ಶಾಲೆಯ ಮೇಷ್ಟ್ರಿಗೆ. ಅದೊಂದನ್ನೂ ಅವನು ತಂದಿರಲಿಲ್ಲ.

ಅವನು ಎಂಗೋನಿ ಜನದವನು, ನಾವು ಬೆಂಬಾ. ಹಿಂದೆ ಎರಡೂ ಕಡೆಯ ಮುತ್ತಜ್ಜಂದಿರು ಈಟಿ ಹಿಡಿದು ಒಬ್ಬರನ್ನೊಬ್ಬರು ತಿವಿದು, ಕೊನೆಗೆ ಸಾಕಾಗಿ, ಇನ್ನು ಮೇಲೆ ಬಾಯಲ್ಲೇ ತಿವಿದುಕೊಳ್ಳೋಣ ಎಂದುಕೊಂಡರಂತೆ. ಅಂದಿನಿಂದ ನಾವಿಬ್ಬರೂ ಗೇಲಿನೆಂಟರು. ಚಿಂಬುಯಾ ಎನ್ನುತ್ತೇವೆ. ಗೇಲಿನೆಂಟ ಏನು ಬೈದರೂ ಸಿಟ್ಟಾಗುವಂತಿಲ್ಲ, ಸಿಟ್ಟಾದವನಿಗೆ ದಂಡ. ಅವನ ಮನೆಗೆ ನುಗ್ಗಿ ಪಾತ್ರೆಯನ್ನೋ ಕೋಳಿಯನ್ನೋ ಎತ್ತಿಕೊಂಡು ಬಂದರೆ ಅದು ಕಳವಲ್ಲ. ಅವನು ಸತ್ತರೆ ಹೋಗಿ ಹೆಣವನ್ನೂ ಬಿಡದೆ ಆಡಿಕೊಳ್ಳಬೇಕು, ತೋಡಿದ ಗುಂಡಿಗೆ ಇಳಿದು ಹೆಣಕ್ಕಿಂತ ಮೊದಲು ತಾನೇ ಮಲಗಬೇಕು, ಮನೆಯವರು ಕಾಸು ಎಸೆಯುವ ತನಕ ಏಳಬಾರದು. ಅಳುವುದು ಮನೆಯವರ ಪಾಲು, ಅಳುವವರನ್ನು ನಗಿಸುವುದು ನಮ್ಮ ಪಾಲು. ಗೇಲಿನೆಂಟನಿಗಾಗಿ ಅತ್ತವರನ್ನು ನಾನಂತೂ ಕಂಡಿರಲಿಲ್ಲ.

ಹಾಗಾಗಿ ಅವನು ಬೆಳಕಿನ ಮಾತು ಮುಗಿಸುವುದನ್ನೇ ಕಾಯುತ್ತಿದ್ದೆ. ದಾರಿಬದಿಯಲ್ಲಿ ಮುಂಕೊಯೊ ಮಾರುವುದು ನನ್ನ ಕಸುಬು. ಜೋಳದ ಗಂಜಿಗೆ ಕಾಡಿನ ಬೇರು ಹಾಕಿ ಹುಳಿ ಬರಿಸಿದ ಅದನ್ನು ಬಿಸಿಲಲ್ಲಿ ನಡೆದು ಬಂದವರು ಗಟಗಟ ಕುಡಿಯುತ್ತಾರೆ. ಅದನ್ನು ತುಂಬಿಟ್ಟ ಡ್ರಮ್ಮಿನ ಪಕ್ಕದಿಂದಲೇ ಕೂಗಿದೆ.

"ಏ ಇಲಿ ತಿನ್ನೋನೇ! ಬೆಳಕು ಆಮೇಲೆ ಹಚ್ಚು, ಮೊದಲು ಹಲ್ಲಲ್ಲಿ ಸಿಕ್ಕಿರೋ ಬಾಲ ತೆಗಿ!"

ಪೂರ್ವದವರು ಹೊಲದ ಇಲಿ ಒಣಗಿಸಿ ತಿನ್ನುವುದು ಯಾರಿಗೆ ಗೊತ್ತಿಲ್ಲ? ಜನ ಬಿದ್ದು ಬಿದ್ದು ನಕ್ಕರು. ಹಾಸಿಗೆಯ ಸುರುಳಿ ತಬ್ಬಿಕೊಂಡು ಲಾರಿಯ ಮೇಲೆ ನಿಂತಿದ್ದ ಅವನ ಹೆಂಡತಿ ಟಿವೊಂಗೆಯೂ ನಕ್ಕಳು. ಪಾಸ್ಟರ್ ಮೈಕಿನಲ್ಲೇ ಜವಾಬು ಕೊಟ್ಟ.

"ಅಯ್ಯೋ, ಕೋತಿ ತಿನ್ನೋ ಅಕ್ಕ ಇಲ್ಲೇ ಇದಾಳೆ! ದಾರೀಲಿ ಒಂದು ಕೋತಿನೂ ಕಾಣಲಿಲ್ವಲ್ಲ ಅಂತಿದ್ದೆ. ಎಲ್ಲಾ ನಿನ್ನ ಹೊಟ್ಟೇಲಿ ಕೂತು ನನ್ನ ಪ್ರಸಂಗ ಕೇಳ್ತಾ ಇವೆ!"

ಜವಾಬು ಚೆನ್ನಾಗಿತ್ತು. ಅವನ ಬಗ್ಗೆ ನನಗೆ ಹುಟ್ಟಿದ ಒಂದೇ ಒಂದು ಒಳ್ಳೆಯ ಅಭಿಪ್ರಾಯ ಅದು. ಆಮೇಲೆ ದಿನಾ ಬೆಳಗ್ಗೆ ಅವನು ನನ್ನ ಡ್ರಮ್ಮಿನ ಮುಂದೆ ಹಾದುಹೋಗುವಾಗ, "ಇನ್ನೂ ಸತ್ತಿಲ್ವಾ ನೀನು?" ಎಂದು ನಾನು ಕೇಳುವುದು, "ನಿನ್ನ ಹೂತು ಬಂದು ಆಮೇಲೆ ಯೋಚನೆ ಮಾಡ್ತೀನಿ" ಎಂದು ಅವನು ಹೇಳುವುದು ರೂಢಿಯಾಯಿತು. ಹಾಗೆ ಕೇಳುವುದೇ ನಮ್ಮಲ್ಲಿ ನಮಸ್ಕಾರ.

ನನಗೆ ಒಬ್ಬಳೇ ತಂಗಿ, ಮ್ವಾಂಗೊ. ಅವಳ ಗಂಡ ತಾಮ್ರದ ಗಣಿಯಿಂದ ಬರುವಾಗ ಒಂದು ರೇಡಿಯೊ ತಂದ, ಒಂದು ಕಾಯಿಲೆ ತಂದ. ಅವನು ಸತ್ತ ಮೇಲೆ ರೇಡಿಯೊವನ್ನು ಅವನ ಅಣ್ಣಂದಿರು ಒಯ್ದರು, ಕಾಯಿಲೆ ಇವಳಿಗೆ ಉಳಿಯಿತು. ಏಡ್ಸ್ ಎಂಬ ಹೆಸರನ್ನು ನಮ್ಮೂರಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. 'ಆ ಕಾಯಿಲೆ' ಎಂದು ಹೇಳಿ ಬೇರೆ ಕಡೆ ನೋಡುತ್ತಾರೆ. ನಾನು ಅವಳನ್ನು ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸಿ, ಬಟ್ಟೆಯಲ್ಲಿ ಬಿಗಿದು, ಹೊಳೆಯಾಚೆಯ ಆಸ್ಪತ್ರೆಗೆ ತಳ್ಳಿಕೊಂಡು ಹೋದಾಗ ದಾರಿಯಲ್ಲಿ ಸಿಕ್ಕ ಗಂಡಸರು ಹೆಣವೆಂದು ತಿಳಿದು ಟೋಪಿ ತೆಗೆದು ನಿಂತರು. ಮುಂದಿನ ಬೇಸಾಯದ ಹೊತ್ತಿಗೆ ಅದೇ ಹೆಣ ಮರಗೆಣಸಿನ ಹೊಲ ಅಗೆಯುತ್ತಿತ್ತು, ನನ್ನ ಮುಂಕೊಯೊ ಸಪ್ಪೆಯಾಗಿದೆ ಎಂದು ಜಗಳಕ್ಕೂ ಬರುತ್ತಿತ್ತು. ಅದು ಮಾತ್ರೆಯ ಕೆಲಸ. ಆಸ್ಪತ್ರೆಯ ಡಬ್ಬಿಗಳೆಲ್ಲ ಒಂದೇ ಥರ, ಬಿಳಿ ಪ್ಲಾಸ್ಟಿಕ್ಕಿನವು. ಬೇರೆಯವರದರ ಜೊತೆ ಅದಲುಬದಲಾಗದಿರಲಿ ಎಂದು ಅವಳ ಡಬ್ಬಿಯ ಕುತ್ತಿಗೆಗೆ ನನ್ನ ಹಳೆಯ ಹಳದಿ ಬಟ್ಟೆಯ ಚೂರೊಂದನ್ನು ಸುತ್ತಿ ಗಂಟು ಹಾಕಿದ್ದೆ.

ಮೈ ತುಂಬಿಕೊಂಡರೂ ಅವಳ ಬಟ್ಟಲಿಗೆ ಯಾರೂ ಕೈ ಹಾಕುತ್ತಿರಲಿಲ್ಲ. ನಮ್ಮಲ್ಲಿ ಮುದ್ದೆಯನ್ನು ನಡುವೆ ಇಟ್ಟು ಸುತ್ತ ಕೂತು ಒಂದೇ ಬಟ್ಟಲಿನಿಂದ ಉಣ್ಣುವುದು. ಇವಳು ಕೈ ತೊಳೆದುಕೊಂಡು ಬಂದರೆ ಒಬ್ಬೊಬ್ಬರಿಗೂ ಏನೋ ಕೆಲಸ ನೆನಪಾಗುತ್ತಿತ್ತು. ಪಾಸ್ಟರ್ ಶಾವಾ ಒಂದು ದಿನ ನೇರ ಇವಳ ಅಂಗಳಕ್ಕೆ ಬಂದು, ಚಾಪೆಯ ಮೇಲೆ ಕೂತು, ಇವಳ ಬಟ್ಟಲಿನಿಂದಲೇ ಮುದ್ದೆ ಮುರಿದು ಉಂಡು, ಬೆರಳು ನೆಕ್ಕಿಕೊಂಡು ಎದ್ದುಹೋದ. ಅಲ್ಲಿಗೆ ನನ್ನ ತಂಗಿ ಅವನ ಪಾಲಾದಳು. ಆ ಒಂದು ತುತ್ತಿಗೆ ಅವಳು ಏನು ಬೇಕಾದರೂ ಕೊಡಲು ತಯಾರಿದ್ದಳು, ಅವನು ಕೇಳಿದ್ದು ಡಬ್ಬಿಯನ್ನು.

'ನನಗೂ ಆ ಕಾಯಿಲೆ ಇತ್ತು' ಎಂದು ಅವನು ಪ್ರಸಂಗದಲ್ಲಿ ಹೇಳಿದ. ಅಷ್ಟು ಜನರೆದುರು ಹಾಗೆ ಹೇಳಿದ ಮೊದಲ ಗಂಡಸು ಅವನೇ, ಅದನ್ನು ಒಪ್ಪುತ್ತೇನೆ. ಆದರೆ ಅಲ್ಲಿಗೆ ಬಾಯಿ ಮುಚ್ಚಿಕೊಳ್ಳಬೇಕಿತ್ತು. ಕನಸಿನಲ್ಲಿ ದೇವರು ಬಂದು 'ಎದ್ದೇಳು, ನೀನು ವಾಸಿಯಾಗಿದ್ದೀಯ' ಅಂದನಂತೆ. ವಾಸಿಯಾದವನಿಗೆ ಮಾತ್ರೆ ಏಕೆ? ಮಾತ್ರೆ ನುಂಗುವವನು ದೇವರ ಮಾತನ್ನು ಸುಳ್ಳು ಮಾಡಿದಂತಲ್ಲವೇ? ಹೀಗೆಲ್ಲ ಕೇಳಿದ. ಆಮೇಲೆ ಚರ್ಚಿನ ಪಕ್ಕದಲ್ಲಿ ಒಂದು ಗುಂಡಿ ತೋಡಿಸಿ ಅದಕ್ಕೆ ಜಯದ ಗುಂಡಿ ಎಂದು ಹೆಸರಿಟ್ಟ. ಭಾನುವಾರ ಆ ಕಾಯಿಲೆಯವರು ಹಾಡು ಹೇಳುತ್ತಾ ಸಾಲಾಗಿ ಹೋಗಿ ಡಬ್ಬಿಗಳನ್ನು ಹಾಕಿದರು. ಮಣ್ಣು ಮುಚ್ಚಿ ಮೇಲೆ ಒಂದು ಕಲ್ಲು ನಿಲ್ಲಿಸಿ ಸುಣ್ಣ ಬಳಿದರು. ಸುಣ್ಣಕ್ಕೆ ಮಾತ್ರ ರಾಜಧಾನಿ ಲುಸಾಕಾದ ದೊಡ್ಡ ಚರ್ಚಿನಿಂದ ಹಣ ಬಂದಿತ್ತು.

ನಾನು ತಂಗಿಯ ಮನೆಗೆ ಓಡಿದೆ.

"ಡಬ್ಬಿ ಎಲ್ಲೇ?"

"ಹೂತಾಯ್ತು ಅಕ್ಕ." ಮುಖದಲ್ಲಿ ಮದುವೆಯ ದಿನವೂ ಕಾಣದ ಕಳೆ. "ನಾನಿನ್ನು ರೋಗಿ ಅಲ್ಲ."

"ಮೂರ್ಖ ಮುಂಡೇದೆ! ನಿನ್ನನ್ನ ಸೈಕಲ್ ಮೇಲೆ ಕಟ್ಟಿಕೊಂಡು ಹೋಗಿದ್ದು ನಿನ್ನ ಪಾಸ್ಟರಾ, ನಾನಾ?"

"ನೀನು ಮೈ ಉಳಿಸಿದೆ ಅಕ್ಕ, ಇಲ್ಲ ಅನ್ನಲ್ಲ. ಆದ್ರೆ ದಿನಾ ಆ ಮಾತ್ರೆ ನುಂಗುವಾಗ ನೀನು ಇಂಥೋಳು, ನೀನು ಇಂಥೋಳು ಅಂತ ಅದು ಹೇಳ್ತಿತ್ತು. ಅವರು ನನ್ನ ಬಟ್ಟಲಲ್ಲಿ ಉಂಡರು."

"ಇಲಿ ತಿನ್ನೋ ಬಾಯಿಗೆ ನಿನ್ನ ಬಟ್ಟಲು ಯಾವ ಲೆಕ್ಕ!"

ಅವಳು ನಕ್ಕಳು. ಅವಳ ಮಟ್ಟಿಗೆ ಅದೂ ಒಂದು ಗೇಲಿ. ಮತ್ತೆ ಅವಳ ಬಾಯಿಗೆ ಮಾತ್ರೆ ಹಾಕಿಸದೆ ನಾನು ಬಿಡುವುದಿಲ್ಲ ಎಂದು ಅಂದೇ ತೀರ್ಮಾನಿಸಿದೆ. ಅದಕ್ಕೆ ದಾರಿಯೂ ಹೊಳೆಯಿತು. ಪಾಸ್ಟರ್ ದುಂಡಗೆ ಇದ್ದ, ಕತ್ತಿನಲ್ಲಿ ಮಡಿಕೆ ಬೀಳುವಷ್ಟು. ಆ ಕಾಯಿಲೆಯವನು ಪ್ರಾರ್ಥನೆ ತಿಂದು ಅಷ್ಟು ದುಂಡಗಾಗುವುದಿಲ್ಲ. ಕದ್ದು ನುಂಗುತ್ತಿದ್ದಾನೆ ಕಳ್ಳ! ಅವನ ಮನೆಯಲ್ಲಿ ಡಬ್ಬಿ ಹಿಡಿದು, ಚರ್ಚಿನ ಬಾಗಿಲಲ್ಲಿ ಎತ್ತಿ ತೋರಿಸಿದರೆ ಮುಗಿಯಿತು. ಅವನ ಮನೆಗೆ ನುಗ್ಗುವ ಹಕ್ಕು ನನಗೆ ಮುತ್ತಜ್ಜಂದಿರ ಕಾಲದಿಂದ ಇತ್ತು.

ಅವನು ಪಕ್ಕದೂರಿಗೆ ಬೆಳಕು ಹಂಚಲು ಹೋಗಿದ್ದಾಗ ನುಗ್ಗಿದೆ. ಟಿವೊಂಗೆ ಬಾಗಿಲಲ್ಲಿ ಕೂತು ಕಡಲೆಕಾಯಿ ಬಿಡಿಸುತ್ತಿದ್ದಳು.

"ಬಾ ಬಾ ಕೋತಿ ತಿನ್ನೋಳೇ. ಏನು ಕದಿಯಕ್ಕೆ ಬಂದೆ?"

"ನಿನ್ನ ಗಂಡನ್ನ. ಮಾರಿದ್ರೆ ಒಂದು ಸೋಪಿನ ತುಂಡಾದ್ರೂ ಸಿಗತ್ತೇನೋ."

"ಸಿಕ್ಕರೆ ಅರ್ಧ ನನಗೆ ಕೊಡು."

ಹಾಸಿಗೆ ಎತ್ತಿ ನೋಡಿದೆ. ಕೋಟಿನ ಜೇಬು, ಬೂಟಿನ ಒಳಗು, ಮೈಕಿನ ಪೆಟ್ಟಿಗೆ, ಬೈಬಲ್ಲಿನ ಚೀಲ, ಛಾವಣಿಯ ಹುಲ್ಲು, ಎಲ್ಲ ತಡಕಿದೆ. ಟಿವೊಂಗೆಯ ನಗು ನಿಧಾನಕ್ಕೆ ನಿಂತಿತು. ಅಡುಗೆಯ ಮೂಲೆಯ ಹಿಟ್ಟಿನ ಮಡಕೆಗೆ ಕೈ ಹಾಕಿದಾಗ ಅವಳು ಎದ್ದು ಬಂದು ನನ್ನ ಮಣಿಕಟ್ಟು ಹಿಡಿದಳು. ಅಷ್ಟು ಹೊತ್ತಿಗೆ ಡಬ್ಬಿ ನನ್ನ ಬೆರಳಿಗೆ ಸಿಕ್ಕಿತ್ತು.

"ಸಿಕ್ಕಿಬಿದ್ದ!" ಎಂದೆ. "ಸಿಕ್ಕಿಬಿದ್ದ ನೋಡು ನಿನ್ನ ಪರಮ ಪವಿತ್ರ ಗಂಡ!"

"ಅದು ನಂದು," ಎಂದಳು.

ನಾನು ಅವಳ ಮುಖ ನೋಡಿದೆ.

"ಅವರಿಗೆ ಗೊತ್ತಿಲ್ಲ. ಹಿಟ್ಟಿನ ಮಡಕೆಗೆ ಗಂಡಸರು ಕೈ ಹಾಕಲ್ವಲ್ಲ. ಅವರದು ಆ ಗುಂಡೀಲಿದೆ. ಎಲ್ಲರಿಗಿಂತ ಮೊದಲು ಹಾಕಿದ್ದು ಅವರೇ, ಎಲ್ಲದರ ತಳದಲ್ಲಿರೋದು ಅವರದೇ ಡಬ್ಬಿ." ಅವಳು ದನಿ ತಗ್ಗಿಸಿದಳು. "ಅವರು ಸುಳ್ಳು ಹೇಳೋ ಜನ ಅಲ್ಲ. ಹಾಗಿದ್ದಿದ್ರೆ ನಾನು ನೆಮ್ಮದಿಯಾಗಿರ್ತಿದ್ದೆ."

ಅವನನ್ನು ಕಪಟಿ ಎಂದು ನಂಬಿ ನಾನು ಎಷ್ಟು ಹಾಯಾಗಿದ್ದೆ! ಕಪಟಿಯನ್ನು ಹಿಡಿದು ಬಡಿಯಬಹುದು, ಹೆದರಿಸಬಹುದು, ನಿನ್ನ ಗುಟ್ಟು ಇಟ್ಟುಕೋ ನನ್ನ ತಂಗಿಯನ್ನು ಬಿಟ್ಟುಕೊಡು ಎಂದು ಚೌಕಾಸಿ ಮಾಡಬಹುದು. ಈ ಪ್ರಾಮಾಣಿಕನನ್ನು ಏನು ಮಾಡುವುದು? ತಾನೇ ಬಾವಿಗೆ ಹಾರಿ ಕೆಳಗಿನಿಂದ 'ಬನ್ನಿ, ನೀರು ಚೆನ್ನಾಗಿದೆ' ಎಂದು ಕರೆಯುವವನು ಇವನು. ಆ ಮನೆಯಲ್ಲಿ ತಲೆ ನೆಟ್ಟಗಿದ್ದವಳು ಒಬ್ಬಳೇ, ಅವಳು ಕಳ್ಳಿ.

"ನನ್ನ ತಂಗಿಗೆ ನೀನೇ ಒಂದು ಮಾತು ಹೇಳು," ಎಂದು ಅವಳನ್ನು ಕೇಳಿಕೊಂಡೆ. "ನೀನು ನುಂಗ್ತೀಯ ಅಂತ ಹೇಳು, ಸಾಕು."

"ಊರೆಲ್ಲ ಅವರ ಮುಖಕ್ಕೆ ಉಗಿಯತ್ತೆ. ನನ್ನ ಕೈಲಾಗಲ್ಲ," ಎಂದು ಅವಳು ಮತ್ತೆ ಕಡಲೆಕಾಯಿಯ ಮುಂದೆ ಕೂತಳು. ನಾನು ಡಬ್ಬಿಯನ್ನು ಮಡಕೆಯಲ್ಲೇ ಬಿಟ್ಟು, ಸಿಟ್ಟಿಗೆ ಒಂದು ಕೋಳಿ ಹಿಡಿದುಕೊಂಡು ಬಂದೆ.

ಕೆಲವು ತಿಂಗಳು ಏನೂ ಆಗಲಿಲ್ಲ. ಆ ಕಾಯಿಲೆಯ ದ್ರೋಹವೇ ಅದು; ಮಾತ್ರೆ ಬಿಟ್ಟ ಮಾರನೆಯ ದಿನವೇ ಒದ್ದಿದ್ದರೆ ಎಲ್ಲರೂ ಹೊಳೆ ದಾಟಿ ಓಡುತ್ತಿದ್ದರು. ಮ್ವಾಂಗೊ ಚರ್ಚಿನಲ್ಲಿ ಹಾಡಿನವರ ಮುಂದಾಳಾದಳು. ಆಮೇಲೆ ಕಾಡು ಒಣಗಿ, ಜನ ಕೊಂಬೆ ಕಡಿದು ಹೊಲ ಸುಡುವ ಹೊತ್ತಿಗೆ, ಪಾಸ್ಟರನ ಕತ್ತಿನ ಮಡಿಕೆ ಕಾಣೆಯಾಯಿತು. ಹೊಗೆಗೆ ಕೆಮ್ಮು ಎಂದರು. ಹೊಗೆ ಹೋಯಿತು, ಕೆಮ್ಮು ಹೋಗಲಿಲ್ಲ. ನನ್ನ ತಂಗಿಯ ಬಾಯೊಳಗೆ ಬೆಳ್ಳಗೆ ಹುಣ್ಣು ಎದ್ದವು. ಮುದ್ದೆ ನುಂಗುವಾಗ ಅವಳು ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಉಪವಾಸ ಎಂದು ಹೆಸರು ಹೇಳುತ್ತಿದ್ದಳು.

ಒಂದು ಭಾನುವಾರ ಜನ ಚರ್ಚಿನಿಂದ ಹೊರಬರುವಾಗ ನಾನು ಅವನ ದಾರಿಗೆ ಅಡ್ಡ ನಿಂತೆ.

"ಇಲಿ ತಿನ್ನೋನೇ, ನೀನು ಸಾಯ್ತಾ ಇದೀಯ."

"ಗೊತ್ತಕ್ಕ," ಎಂದ ಅವನು, ಕೆಮ್ಮುತ್ತಲೇ, "ನಾನು ಬಂದ ದಿನದಿಂದ ದಿನಾ ಹೇಳ್ತಿದೀಯಲ್ಲ."

ಜನ ಘೊಳ್ಳೆಂದರು.

"ತಮಾಷೆ ಮಾಡ್ತಿಲ್ಲ ಕಣೋ! ನಿನ್ನ ಪಕ್ಕೆಲುಬು ಕೋಟಿನ ಮೇಲೇ ಕಾಣ್ತಿದೆ. ನೀನು ಸಾಯೋದಾದ್ರೆ ಸಾಯಿ, ನನ್ನ ತಂಗೀನ ಬಿಟ್ಟು ಸಾಯಿ. ಹೊಳೆಯಾಚೆ ಮಾತ್ರೆ ಪುಕ್ಕಟೆ ಕೊಡ್ತಾರೆ!"

"ಅಕ್ಕ, ನನ್ನ ಕರೆದೋನು ಸುಳ್ಳು ಹೇಳಲ್ಲ."

"ಹಾಗಾದ್ರೆ ಮಾತ್ರೆ ಮಾಡಿದೋನಿಗೆ ಬುದ್ಧಿ ಕೊಟ್ಟೋರು ಯಾರೋ? ನಿನ್ನ ಇಲೀನಾ?"

ಅವನೂ ನಕ್ಕ, ಹೊಟ್ಟೆ ಹಿಡಿದುಕೊಂಡು ನಕ್ಕ, ನಗು ಕೆಮ್ಮಾಗಿ ಬಗ್ಗಿ ನಿಂತ. ಜನಕ್ಕೆ ಅದೂ ಆಟದ ಭಾಗವೇ. ಒಬ್ಬ ಮುದುಕ ನನ್ನ ಬೆನ್ನು ತಟ್ಟಿ, ಇಂಥ ಗೇಲಿ ಈಚೆಗೆ ಯಾರೂ ಮಾಡುವುದಿಲ್ಲ ಎಂದು ಹೊಗಳಿದ. ನಾನು ಜನರ ಮಧ್ಯೆ ಮ್ವಾಂಗೊಳ ರಟ್ಟೆ ಹಿಡಿದು, "ನೀನಾದ್ರೂ ಕೇಳೇ, ಅವನ ಹೆಂಡತಿ ಕದ್ದು ಮಾತ್ರೆ ನುಂಗ್ತಾಳೆ, ಅದಕ್ಕೆ ಗುಂಡುಕಲ್ಲಿನ ಹಾಗಿದಾಳೆ" ಎಂದು ಕಿವಿಯಲ್ಲಿ ಹೇಳಿದೆ. ಟಿವೊಂಗೆಯ ಗುಟ್ಟು ಒಡೆದದ್ದಕ್ಕೆ ನನಗೇನೂ ನಾಚಿಕೆಯಾಗಲಿಲ್ಲ. ಆದರೆ ಪ್ರಯೋಜನವೂ ಆಗಲಿಲ್ಲ. ಮ್ವಾಂಗೊ ನೋಯುವ ಬಾಯಲ್ಲೇ ಕಿಸಕ್ಕನೆ ನಕ್ಕು, "ಹೋಗೇ ಅಕ್ಕ, ಪೂರ್ವದೋರನ್ನ ಕಂಡ್ರೆ ನಿನಗೆ ಬಾಯಿ ಸುಮ್ಮನಿರಲ್ಲ" ಎಂದಳು. ಏನು ಬೇಕಾದರೂ ಹೇಳಬಹುದಾದ ಬಾಯಿ ನನ್ನದು, ಆದ್ದರಿಂದ ಏನು ಹೇಳಿದರೂ ಯಾರೂ ನಂಬುತ್ತಿರಲಿಲ್ಲ. ನನ್ನ ಮುತ್ತಜ್ಜಂದಿರನ್ನು ಆ ದಿನ ಮನಸಾರೆ ಬೈದೆ. ಈಟಿಯನ್ನೇ ಇಟ್ಟುಕೊಂಡಿದ್ದರೆ ಚೆನ್ನಾಗಿತ್ತು.

ಮಳೆ ಹಿಡಿಯುವ ಮುಂಚೆ ಪಾಸ್ಟರ್ ಸತ್ತ. ಕೊನೆಯವರೆಗೂ, 'ನಾನು ಚೆನ್ನಾಗಿದ್ದೇನೆ' ಎನ್ನುತ್ತಿದ್ದನಂತೆ. ಸುಳ್ಳು ಹೇಳದ ಬಾಯಿ, ನೋಡಿ.

ಲುಸಾಕಾದಿಂದ ಬಿಷಪ್ ಬಂದ. ದೊಡ್ಡ ಗಾಡಿ, ಬಿಳಿ ಬೂಟು, ಒಬ್ಬ ಛತ್ರಿ ಹಿಡಿಯಲು, ಒಬ್ಬ ಫೋಟೊ ತೆಗೆಯಲು. ಪಾಸ್ಟರ್ ಪಕ್ಕದೂರುಗಳಿಗೆ ಹೋಗಲು ಒಂದು ಸೈಕಲ್ ಕೊಡಿ ಎಂದು ಕೇಳಿದ್ದಾಗ ಇವರ ಕೈಯಲ್ಲಿ ಕಾಸಿರಲಿಲ್ಲ. ಸತ್ತ ಮೇಲೆ ಮಿಂಚುವ ಪೆಟ್ಟಿಗೆ ತಂದರು. ಬಿಷಪ್ ಮೈಕು ಹಿಡಿದು ಹೇಳಿದ, 'ನಮ್ಮ ಸೋದರ ಕಾಯಿಲೆಯಿಂದ ಸಾಯಲಿಲ್ಲ. ಕಾಯಿಲೆಯನ್ನು ಅವರು ಗೆದ್ದಿದ್ದರು. ಗೆದ್ದವನನ್ನು ದೇವರು ಬಹುಮಾನ ಕೊಡಲು ಕರೆದುಕೊಂಡ.' ಹಾಡಿನವರ ಮುಂದೆ ನಿಂತಿದ್ದ ನನ್ನ ತಂಗಿ ಆಮೆನ್ ಎಂದಳು. ಅವಳ ರವಿಕೆ ಹೆಗಲ ಮೇಲೆ ನಿಲ್ಲದೆ ಜಾರುತ್ತಿತ್ತು. ಬಹುಮಾನದ ಸಾಲಿನಲ್ಲಿ ಮುಂದಿನವಳು ಅವಳೇ ಎಂದು ನನಗೆ ಕಾಣುತ್ತಿತ್ತು. ಆ ಬಿಷಪ್ಪನ ಬಿಳಿ ಬೂಟಿಗೆ ಉಗಿಯಬೇಕೆನಿಸಿತು.

ಗೆದ್ದವನನ್ನು ಜಯದ ಗುಂಡಿಯ ಕಲ್ಲಿನ ಪಕ್ಕದಲ್ಲೇ ಹೂಳಬೇಕೆಂದು ಬಿಷಪ್ ಜಾಗ ತೋರಿಸಿದ. ಅಗೆದವರು ನಮ್ಮೂರಿನ ಗಂಡಸರು. ಮಣ್ಣಿನ ಜೊತೆ ಏನೋ ಬಂತೆಂದು ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡದ್ದನ್ನು ಕಂಡೆ, ಆದರೆ ಯಾರೂ ಬಾಯಿ ಬಿಡಲಿಲ್ಲ. ಗುಂಡಿ ಸಿದ್ಧವಾಯಿತು. ಹೆಣ ಇಳಿಸುವ ಮುಂಚೆ ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಬಟ್ಟೆ ಬಿಗಿದು ಕಟ್ಟಿಕೊಂಡು ಗುಂಡಿಗೆ ಇಳಿದು ಅಂಗಾತ ಮಲಗಿದೆ.

"ಏ ಬಿಷಪ್ಪೇ, ಗುಂಡಿ ಗಿಡ್ಡ ಆಯ್ತು! ಈ ಇಲಿ ಬಾಲ ಇಲ್ಲಿ ಹಿಡಿಸಲ್ಲ, ಮಡಿಸಿ ತುರುಕಬೇಕು!"

ಮೇಲೆ ನಗು. ಬಿಕ್ಕುತ್ತಿದ್ದ ಟಿವೊಂಗೆಯ ದನಿಯಲ್ಲೂ ಒಂದು ನಗು ಸೇರಿತು. ಕಾಸು ಬೀಳಲು ಶುರುವಾಯಿತು, ಹೊಟ್ಟೆಯ ಮೇಲೆ, ಹಣೆಯ ಮೇಲೆ. ನನ್ನ ಎಣಿಕೆ ಬೇರೆ ಇತ್ತು. ಗೇಲಿನೆಂಟಳು ಏಳದೆ ಹೆಣ ಇಳಿಯುವಂತಿಲ್ಲ, ಬಿಷಪ್ಪನಿಗೆ ಮಳೆಗೆ ಮುಂಚೆ ಗಾಡಿ ಹೊರಡಿಸಬೇಕು.

"ನಿನ್ನ ಕಾಸು ಬೇಡ," ಎಂದು ಕೂಗಿದೆ. "ಇವನು ಯಾವುದರಿಂದ ಸತ್ತ ಅಂತ ಮೈಕಲ್ಲಿ ಹೇಳು, ಏಳ್ತೀನಿ!"

ನಗು ಜೋರಾಯಿತು, ಕಾಸೂ ಜೋರಾಯಿತು. ಯಾರೋ ಒಂದು ನೋಟನ್ನೇ ಎಸೆದರು. ಮತ್ತೆ ಕೂಗಿದೆ, ಮತ್ತೆ ನಕ್ಕರು. ನಾನು ಬೇಸತ್ತು ಮುಖವನ್ನು ಪಕ್ಕಕ್ಕೆ ಹೊರಳಿಸಿದೆ.

ಗುಂಡಿಯ ಗೋಡೆಯಲ್ಲಿ, ನನ್ನ ಕಣ್ಣಿನ ನೇರಕ್ಕೆ, ಬಿಳಿ ಡಬ್ಬಿಗಳು ಚಾಚಿಕೊಂಡಿದ್ದವು. ಅಗೆಯುವಾಗ ಜಯದ ಗುಂಡಿಯ ಒಂದು ಮಗ್ಗುಲು ಒಡೆದಿತ್ತು. ಅವುಗಳಲ್ಲಿ ಒಂದರ ಕುತ್ತಿಗೆಗೆ ಹಳದಿ ಬಟ್ಟೆಯ ಚೂರು ಇತ್ತು, ಗಂಟು ಹಾಗೇ ಇತ್ತು.

ಈ ಗುಂಡಿಯಲ್ಲಿ ನಾನು ಅವನಿಗಾಗಿ ಮಲಗಿಲ್ಲ, ನನ್ನ ತಂಗಿಗಾಗಿ ಮಲಗಿ ನೋಡುತ್ತಿದ್ದೇನೆ ಎನಿಸಿತು. ಅಳು ಬಂತು. ತಡೆಯಲು ನೋಡಿದೆ, ಆಗಲಿಲ್ಲ. ಗಂಡ ಸತ್ತವಳ ಹಾಗೆ ಎದೆ ಬಡಿದುಕೊಂಡು, ಕಾಸಿನ ಮೇಲೆ ಹೊರಳಾಡಿಕೊಂಡು ಅತ್ತೆ. ತಂಗಿಗಾಗಿ ಅತ್ತೆ, ಆ ಹುಂಬನಿಗಾಗಿಯೂ ಅತ್ತೆ. ಅವನ ಜವಾಬುಗಳು ಚೆನ್ನಾಗಿರುತ್ತಿದ್ದವು.

ಮೊದಲು ಕೆಲವರು ನಕ್ಕರು. ಆಮೇಲೆ ನಗು ಒಬ್ಬೊಬ್ಬರಲ್ಲೇ ನಿಂತಿತು. ಒಬ್ಬ ಮುದುಕಿಯ ದನಿ ಕೇಳಿಸಿತು.

"ಚಿಂಬುಯಾ ಅಳ್ತಾ ಇದಾಳಲ್ರೇ! ನಿಜವಾಗ್ಲೂ ಅಳ್ತಾ ಇದಾಳೆ!"

ಗುಂಡಿಯ ಅಂಚಿಗೆ ಮ್ವಾಂಗೊ ಬಂದಳು.

"ಅಕ್ಕ? ಏನಾಯ್ತೇ ಅಕ್ಕ?"

ಗೋಡೆಯಿಂದ ಡಬ್ಬಿಯನ್ನು ಕಿತ್ತು ಮೇಲಕ್ಕೆ ಹಿಡಿದೆ. ಹಳದಿ ಚೂರನ್ನು ಅವಳು ಗುರುತಿಸಿದಳು.

"ಇದು ನಿನ್ನ ಗುಂಡಿ ಕಣೇ," ಎಂದೆ. "ಮಲಗಿ ನೋಡ್ದೆ. ನಿನ್ನ ಅಳತೆಗೇ ಇದೆ."

ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು, ನನ್ನ ಮುಖದಲ್ಲಿ ಎಲ್ಲಾದರೂ ತಮಾಷೆ ಉಳಿದಿದೆಯೇ ಎಂದು ಹುಡುಕುವಂತೆ. ಬಿಷಪ್ ಮೈಕನ್ನು ಕೈಯಿಂದ ಮುಚ್ಚಿ, "ಯಾರಪ್ಪ ಈ ಹೆಂಗಸು, ಮೇಲಕ್ಕೆತ್ತಿ" ಎಂದ. ಯಾರೂ ಮುಂದೆ ಬರಲಿಲ್ಲ. ಬಂದವಳು ಟಿವೊಂಗೆ. ಅವಳು ಬಿಷಪ್ಪನ ಕಡೆ ತಿರುಗಿ ಹೇಳಿದ್ದು ಮೈಕಿಲ್ಲದೆಯೂ ಎಲ್ಲರಿಗೂ ಕೇಳಿಸಿತು.

"ಅವಳು ಹೇಳೋದು ನಿಜ. ಆ ಕಾಯಿಲೆಯಿಂದಾನೇ ಸತ್ತರು. ಮಾತ್ರೆ ಬಿಟ್ಟು ಸತ್ತರು. ನಾನು ಬಿಡಲಿಲ್ಲ, ಹಿಟ್ಟಿನ ಮಡಕೇಲಿಟ್ಟು ನುಂಗ್ತಿದ್ದೆ, ಅದಕ್ಕೆ ನಿಂತಿದೀನಿ."

ಆಮೇಲೆ ಗುಂಡಿಯ ಮೇಲೆ ಬಗ್ಗಿ, ಬಾತ ಕಣ್ಣು ಒರೆಸಿಕೊಂಡು, ನನ್ನನ್ನು ಗದರಿದಳು.

"ಏಳೇ ಕೋತಿ ತಿನ್ನೋಳೇ! ನಾಚಿಕೆ ಆಗಲ್ವಾ? ನನ್ನ ಗಂಡನಿಗೆ ಅಳಕ್ಕೆ ನಾನಿಲ್ವಾ? ಗೇಲಿನೆಂಟಳಾಗಿ ಅತ್ತಿದೀಯ, ದಂಡ ಕೊಡು. ಒಂದು ಹುಂಜ. ಬರೀ ಮೂಳೇದು ತರಬೇಡ, ದಪ್ಪಂದು ತಾ."

ಅವಳೇ ಕೈಕೊಟ್ಟು ನನ್ನನ್ನು ಮೇಲಕ್ಕೆ ಎಳೆದಳು. ಪಾಸ್ಟರನನ್ನು ಹೂತೆವು. ಬಿಷಪ್ಪನ ಗಾಡಿ ಮಳೆಯಲ್ಲಿ ಹೊಳೆಯ ಹತ್ತಿರ ಹೂತುಕೊಂಡಿತಂತೆ, ತಳ್ಳಲು ನಮ್ಮೂರಿನಿಂದ ಯಾರೂ ಹೋಗಲಿಲ್ಲ.

ಹುಂಜ ನಾನೇ ಕೊಡಬೇಕಿತ್ತು, ಕೊಡಲಿಲ್ಲ. ಕೊಂಚ ಸತಾಯಿಸೋಣ ಎಂದಿದ್ದೆ. ಆಸ್ಪತ್ರೆಯಲ್ಲಿ ಮಾತ್ರೆ ಕೊಡುವ ದಿನ ಮಧ್ಯಾಹ್ನ ಡ್ರಮ್ಮಿನ ಪಕ್ಕ ಕೂತಿದ್ದಾಗ ಹೊಳೆಯ ಕಡೆಯಿಂದ ಇಬ್ಬರು ಹೆಂಗಸರು ಬರುವುದು ಕಾಣಿಸಿತು. ಒಬ್ಬಳು ಸೈಕಲ್ ತಳ್ಳುತ್ತಿದ್ದಳು, ಒಬ್ಬಳು ಕ್ಯಾರಿಯರ್ ಮೇಲೆ ಕೂತಿದ್ದಳು. ತಳ್ಳುತ್ತಿದ್ದವಳು ಟಿವೊಂಗೆ. ಕೂತಿದ್ದವಳ ಕಂಕುಳಲ್ಲಿ ಒಂದು ಕೆಂಪು ಹುಂಜ.

"ನಿನ್ನ ದಂಡ," ಎಂದಳು ಮ್ವಾಂಗೊ, ಇಳಿದು, ಏದುಸಿರು ಬಿಡುತ್ತಾ. "ನೀನಂತೂ ಕೊಡಲ್ಲ ಅಂತ ಗೊತ್ತಿತ್ತು."

ಹುಂಜವನ್ನು ನನ್ನ ಅಂಗಳದಲ್ಲೇ ಕೊಯ್ದು ಬೇಯಿಸಿದೆವು. ಮುದ್ದೆ ನಡುವೆ ಇಟ್ಟು ಮೂವರೂ ಒಂದೇ ಬಟ್ಟಲಿಗೆ ಕೈ ಹಾಕಿದೆವು. ಹುಂಜ ಮುದಿಯದು, ಇದಕ್ಕಿಂತ ತಮ್ಮೂರಿನ ಇಲಿಯೇ ಮೆತ್ತಗಿರುತ್ತದೆ ಎಂದು ಟಿವೊಂಗೆ ಮೂದಲಿಸಿದಳು. ಊಟದ ಕೊನೆಗೆ ಮ್ವಾಂಗೊ ಬಟ್ಟೆಯ ತುದಿಯ ಗಂಟು ಬಿಚ್ಚಿ ಹೊಸ ಡಬ್ಬಿ ತೆಗೆದಳು. ಹಳದಿ ಚೂರನ್ನು ಹಳೆಯದರಿಂದ ಬಿಚ್ಚಿ ಇದಕ್ಕೆ ಕಟ್ಟಿಕೊಂಡಿದ್ದಳು. ಒಂದು ಮಾತ್ರೆಯನ್ನು ಅಂಗೈಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿ ಪ್ರಾರ್ಥನೆ ಶುರು ಮಾಡಿದಳು. ಮಾಡಿಯೇ ಮಾಡಿದಳು, ಮುಗಿಯುವ ಹಾಗೆಯೇ ಕಾಣಲಿಲ್ಲ.

"ನಿನ್ನ ದೇವರಿಗೆ ಕಿವಿ ಮಂದವೇನೇ? ಬೇಗ ಮುಗಿಸು," ಎಂದೆ.

ಅವಳು ಕಣ್ಣು ತೆರೆಯದೆಯೇ ಮಾತ್ರೆಯನ್ನು ಬಾಯಿಗೆ ಹಾಕಿಕೊಂಡು ಮುಂಕೊಯೊ ಕುಡಿದಳು. ಅವಳ ಗಂಟಲು ಅಲುಗುವ ತನಕ ನಾನು ಉಸಿರು ಬಿಡದೆ ನೋಡುತ್ತಾ ಕೂತಿದ್ದೆ.